ದೊಡ್ಡ ಪ್ರೆಸ್ಸಿನ ನಿಂಬೆಹಣ್ಣು

ಬೆಂಗಳೂರಿನ ಬಾಗಲಗುಂಟೆಯ ಸರ್ಕಲ್ಲಿನಲ್ಲಿ ಮರೆಪ್ಪನ ಫ್ಲೆಕ್ಸ್ ಎದ್ದ ದಿನ ಪರಮಾನಂದನಿಗೆ ಊಟ ಸೇರಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದು ಹೆಂಡತಿ ಸಿದ್ದಕ್ಕನಿಗೆ ಹೇಳಿದ. ಕೆಟ್ಟಿರಲಿಲ್ಲ, ಉರಿಯುತ್ತಿತ್ತು. ಎರಡು ಆಳೆತ್ತರದ ಆ ಫ್ಲೆಕ್ಸಿನಲ್ಲಿ ಮರೆಪ್ಪ ಯೂನಿಫಾರ್ಮ್ ತೊಟ್ಟು ಎದೆಯುಬ್ಬಿಸಿ ನಿಂತಿದ್ದ. ಹಿಂದೆ ಟ್ಯಾಂಕು, ವಿಮಾನ, ಬೆಂಕಿ. ಕೆಳಗೆ ಬಡಾವಣೆಯ ಯುವಕ ಸಂಘದವರ ಸಣ್ಣ ಸಣ್ಣ ಮುಖಗಳು, ಎಲ್ಲವೂ ಕೂಲಿಂಗ್ ಗ್ಲಾಸ್ ಹಾಕಿದವು. ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ಶತ್ರುವಿನ ಗುಂಡಿಗೆ ಕೈಯೊಡ್ಡಿದ ವೀರಯೋಧನಿಗೆ ಸ್ವಾಗತ’ ಎಂದು ಬರೆದಿತ್ತು. ಪೀಣ್ಯದ ಫ್ಯಾಕ್ಟರಿಗೆ ಹೋಗಲು ಪರಮಾನಂದ ದಿನಾ ಆ ಸರ್ಕಲ್ಲನ್ನೇ ದಾಟಬೇಕು. ದಾಟುವಾಗ ಆ ಕಡೆ ನೋಡಬಾರದು ಎಂದುಕೊಳ್ಳುತ್ತಿದ್ದ, ನೋಡುತ್ತಿದ್ದ.

ಇಬ್ಬರೂ ಸುರಪುರದ ಕಡೆಯ ಒಂದೇ ಊರಿನವರು, ಒಂದೇ ಓಣಿಯವರು. ಸೈನ್ಯದ ಭರ್ತಿಗೆ ಒಂದೇ ಬಸ್ಸಿನಲ್ಲಿ ಹೋದವರು. ಅಲ್ಲಿಯ ಓಟದಲ್ಲಿ ಪರಮಾನಂದ ಮುಂದೆ, ಮರೆಪ್ಪ ಏದುಸಿರು ಬಿಡುತ್ತ ಹಿಂದೆ. ಕೊನೆಯ ಸುತ್ತಿನಲ್ಲಿ ಕಾಲೆಳೆಯುತ್ತಿದ್ದವನನ್ನು ‘ಬಾರಲೇ, ಬಾರಲೇ’ ಎಂದು ಕೂಗಿ ಕೂಗಿ ಗೆರೆ ದಾಟಿಸಿದವನೂ ಪರಮಾನಂದನೇ. ಮರುದಿನ ಡಾಕ್ಟರು ಪರಮಾನಂದನ ಎಡಗಿವಿಗೆ ಬೆಳಕು ಬಿಟ್ಟು ನೋಡಿ, ಒಳಗೆ ತೂತಿದೆ, ಆಗುವುದಿಲ್ಲ ಎಂದುಬಿಟ್ಟರು. ಕಿವಿಯೊಳಗೆ ಯಾರಿಗೂ ಕಾಣದ ಒಂದು ತೂತು! ಅಷ್ಟಕ್ಕೇ ಒಬ್ಬ ಸಿಪಾಯಿಯಾದ, ಇನ್ನೊಬ್ಬ ಪೀಣ್ಯದಲ್ಲಿ ತಗಡು ಒತ್ತುವವನಾದ.

ಅಲ್ಲಿಂದ ಶುರುವಾದದ್ದು ಈ ಉರಿ. ಮರೆಪ್ಪ ರಜೆಗೆ ಬಂದಾಗಲೆಲ್ಲ ಕಪ್ಪು ಟ್ರಂಕಿನಲ್ಲಿ ಮಿಲಿಟರಿ ಕ್ಯಾಂಟೀನಿನ ಸಾಮಾನು ತರುತ್ತಿದ್ದ, ಪರಮಾನಂದನ ಪಾಲಿಗೂ ಒಂದು ರಮ್ ಬಾಟಲಿ ತಪ್ಪುತ್ತಿರಲಿಲ್ಲ. ಪರಮಾನಂದ ಅದನ್ನು ಕುಡಿಯುತ್ತಲೇ ಹೊಟ್ಟೆಕಿಚ್ಚು ಪಡುತ್ತಿದ್ದ. ಊರಿನ ಗೌಡರು ಮರೆಪ್ಪನಿಗೆ ಕುರ್ಚಿ ಹಾಕಿಸಿದ್ದು, ಅವನ ತಾಯಿಯ ಕಣ್ಣಿನ ಆಪರೇಷನ್ ಮಿಲಿಟರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಆದದ್ದು, ಬಸ್ಸಿನಲ್ಲಿ ಗುರುತಿಲ್ಲದವರು ಎದ್ದು ಜಾಗ ಬಿಟ್ಟದ್ದು, ಒಂದನ್ನೂ ಅವನು ಮರೆತಿರಲಿಲ್ಲ. ಅದೇ ಮರೆಪ್ಪ ಹಿಮಕ್ಕೆ ಕಪ್ಪಗಾದ ಕಾಲ್ಬೆರಳು ತೋರಿಸಿ ನಕ್ಕದ್ದು, ಅಪ್ಪನ ಮಣ್ಣಿಗೆ ಬರಲಾಗದೆ ಫೋನಿನಲ್ಲೇ ಅತ್ತದ್ದು ಮಾತ್ರ ನೆನಪಿನಲ್ಲಿ ಉಳಿದಿರಲಿಲ್ಲ. ಹೊಟ್ಟೆಕಿಚ್ಚಿನ ಲೆಕ್ಕದಲ್ಲಿ ಅಂಥವಕ್ಕೆ ಎಲ್ಲಿಯ ಜಾಗ?

ಹೋದ ಮೇ ತಿಂಗಳಲ್ಲಿ ಗಡಿಯಲ್ಲಿ ಶೆಲ್ ಬೀಳತೊಡಗಿ ಟಿವಿಗಳೆಲ್ಲ ಗಂಟಲು ಹರಿದುಕೊಂಡಾಗ ಪರಮಾನಂದನಿಗೂ ಒಂದಿಷ್ಟು ಮರ್ಯಾದೆ ಬಂತು. ‘ನನ್ನ ದೋಸ್ತ ಅಲ್ಲೇ ಅದಾನ’ ಎಂದು ಒಂದು ಸಲ ಬಾಯಿ ಬಿಟ್ಟ, ಅಷ್ಟೇ. ಟೀ ಅಂಗಡಿಯಲ್ಲಿ ಜನ ಸುತ್ತುವರಿದರು. ಸೂಪರ್‌ವೈಸರ್ ಅಂಬರೀಶನೂ ಬಂದು, ‘ಏನಂತೆ ಗುರು ಬಾರ್ಡರ್ ಕಡೆ?’ ಎಂದು ಕೇಳಿದ. ಮರೆಪ್ಪ ದಿನಾ ತನಗೆ ಫೋನ್ ಮಾಡುತ್ತಾನೆ ಎಂದು ಪರಮಾನಂದ ಬೂಸಿ ಬಿಟ್ಟ. ಮರೆಪ್ಪನ ಫೋನು ಆ ದಿನಗಳಲ್ಲಿ ಹತ್ತುತ್ತಲೇ ಇರಲಿಲ್ಲ. ಕೊನೆಗೆ ಅವನ ಕೈಗೆ ಗಾಯವಾಗಿದೆ ಎಂಬ ಸುದ್ದಿ ಊರಿನಿಂದ ಬಂತು. ಗಾಯ ಎಂದಷ್ಟೇ ಇದ್ದದ್ದು ಟೀ ಅಂಗಡಿಯಲ್ಲಿ ಗುಂಡಾಯಿತು, ಯುವಕ ಸಂಘದವರ ಬಾಯಲ್ಲಿ ಕೈಯೊಡ್ಡಿದ ಗುಂಡಾಯಿತು. ಪರಮಾನಂದ ಹೌದು ಹೌದು ಎನ್ನುತ್ತ ಹೋದ. ಹಾಗೆ ನೋಡಿದರೆ ಸರ್ಕಲ್ಲಿನ ಫ್ಲೆಕ್ಸಿಗೆ ಮೊದಲ ಗೂಟ ಹೊಡೆದವನು ಅವನೇ. ಈಗ ಉರಿದುಕೊಂಡರೆ ಯಾರೇನು ಮಾಡಲಾದೀತು!

ಉರಿಯಲು ಇನ್ನೊಂದು ಕಾರಣವಿತ್ತು. ಪರಮಾನಂದನ ಬಲಗೈಯಲ್ಲಿ ಎರಡು ಬೆರಳಿಲ್ಲ. ಫ್ಯಾಕ್ಟರಿಯ ದೊಡ್ಡ ಪ್ರೆಸ್ಸಿಗೆ ಎರಡು ಗುಂಡಿಗಳಿವೆ, ಎರಡೂ ಅಂಗೈಗಳಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿಯಬೇಕು. ಕೈಗಳೆರಡೂ ಹೊರಗಿರಲಿ ಎಂದೇ ಆ ಏರ್ಪಾಡು. ಆದರೆ ಕೆಲಸ ಬೇಗ ಸಾಗಲೆಂದು ಒಂದು ಗುಂಡಿ ಒತ್ತಿಕೊಂಡೇ ಇರುವಂತೆ ಅದಕ್ಕೆ ಮರದ ಚಕ್ಕೆ ಬಡಿದು ಕೂರಿಸುವುದು ಅಲ್ಲಿಯ ರೂಢಿ. ಚಕ್ಕೆ ಬಡಿಯಲು ಹೇಳುತ್ತಿದ್ದವನು ಅಂಬರೀಶ. ಬೆರಳು ಹೋದ ದಿನ ‘ಆಪರೇಟರ್ ಅಜಾಗರೂಕತೆ’ ಎಂದವನೂ ಅವನೇ. ಆಮೇಲೆ ಪರಮಾನಂದನನ್ನು ಪ್ಯಾಕಿಂಗ್‌ಗೆ ಹಾಕಿದರು. ಹತ್ತಾರು ಮಷಿನ್ನಿನ ಶಬ್ದದ ನಡುವೆಯೂ ತನ್ನ ಪ್ರೆಸ್ಸಿನ ಸದ್ದು ಗುರುತಿಸುತ್ತಿದ್ದವನು ಈಗ ರಟ್ಟಿನ ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿದ್ದ. ಹೊಸ ಹುಡುಗರು ಅವನನ್ನು ‘ಪ್ಯಾಕಿಂಗ್ ಅಣ್ಣ’ ಎನ್ನುತ್ತಿದ್ದರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತಿತ್ತು.

ಆ ಫ್ಯಾಕ್ಟರಿಯಲ್ಲಿ ಇನ್ನೊಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಮಂಗಳಾರತಿಯಾದ ಮೇಲೆ ಒಂದೊಂದು ಮಷಿನ್ನಿನ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟು ಒತ್ತುತ್ತಾರೆ. ಯಾರು ಒತ್ತುತ್ತಾರೋ ಮುಂದಿನ ಆಯುಧಪೂಜೆಯವರೆಗೆ ಮಷಿನ್ ಅವರದು. ಆಮೇಲೆ ಮಾಲೀಕರೂ ಅದನ್ನು ಬದಲಿಸುವುದಿಲ್ಲ. ಮಾಲೀಕ ಸಿದ್ದರಾಮಪ್ಪನವರು ದೇವರು, ದಿಂಡರು, ಜನರ ಮಾತು ಮೂರಕ್ಕೂ ಹೆದರುವ ಮನುಷ್ಯ. ಪರಮಾನಂದ ಅವರ ಬೆನ್ನು ಬಿಡದೆ ಕಾಡಿ ಬೇಡಿ, ‘ಆಯ್ತು ಕಣಯ್ಯ, ಈ ಸಲ ದೊಡ್ಡ ಪ್ರೆಸ್ಸಿನ ನಿಂಬೆಹಣ್ಣು ನೀನೇ ಒತ್ತು’ ಎನ್ನಿಸಿಕೊಂಡಿದ್ದ. ಅಂದು ಸಂಜೆ ಸಿದ್ದಕ್ಕನಿಗೆ ಮಲ್ಲಿಗೆ ಹೂವು ತಂದಿದ್ದ.

ಫ್ಲೆಕ್ಸ್ ಎದ್ದ ವಾರವೇ ಸಿದ್ದರಾಮಪ್ಪನವರು ಅವನನ್ನು ಕರೆಸಿದರು. ‘ನಿಮ್ ಫ್ರೆಂಡು ಮಿಲಿಟರಿಯವ್ರು ನಿಮ್ಮನೇಲೇ ಇದ್ದಾರಂತಲ್ಲಯ್ಯ! ಆಯುಧಪೂಜೆಗೆ ಅವ್ರೇ ಚೀಫ್ ಗೆಸ್ಟು. ದೊಡ್ಡ ಪ್ರೆಸ್ ನಿಂಬೆಹಣ್ಣು ಅವ್ರ ಕೈಲೇ ಒತ್ತಿಸ್ಬಿಡೋಣ. ವೀರರ ಕೈ, ಒಳ್ಳೇದಾಗತ್ತೆ.’

‘ಸಾರ್, ನನಗ ಹೇಳಿದ್ರಿ...’

‘ಮುಂದಿನ್ ವರ್ಷ ನೀನಿದ್ದೇ ಇದ್ಯಲ್ಲ.’

‘ಹಂಗಾದ್ರ ಮಷಿನ್ ಯಾರಿಗ್ರಿ?’

‘ಅದನ್ನ ಅಂಬರೀಶ ನೋಡ್ಕೊಳ್ತಾನೆ ಬಿಡು.’ ಅಂಬರೀಶ ನೋಡಿಕೊಂಡರೆ ಪ್ರೆಸ್ ಅವನ ಭಾಮೈದನಿಗೆ ಹೋಗುತ್ತದೆಂದು ಗೇಟಿನ ವಾಚ್‌ಮನ್ನಿಗೂ ಗೊತ್ತಿತ್ತು.

ಮರೆಪ್ಪ ಅವರ ಮನೆಯಲ್ಲಿದ್ದದ್ದು ನಿಜ. ಕೈ ತೋರಿಸಲು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಬಂದವನು ಎರಡು ತಪಾಸಣೆಗಳ ನಡುವಿನ ರಜೆಯಲ್ಲಿ ಗೆಳೆಯನ ಮನೆಗೆ ಬಂದಿದ್ದ. ಬಲಗೈಯನ್ನು ಸದಾ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ. ಬೆರಳುಗಳೆಲ್ಲ ಇದ್ದವು, ಆದರೆ ಮಣಿಕಟ್ಟಿನಿಂದ ಕೆಳಗೆ ಜೀವವಿರಲಿಲ್ಲ. ಮೊದಲ ದಿನ ಊಟಕ್ಕೆ ಕೂತಾಗ ಎಡಗೈಯಲ್ಲಿ ಜೋಳದ ರೊಟ್ಟಿ ಮುರಿಯಲು ಹೆಣಗಿದ. ಸಿದ್ದಕ್ಕ ಮಾತಿಲ್ಲದೆ ಬಂದು ರೊಟ್ಟಿಯನ್ನು ಸಣ್ಣಗೆ ಮುರಿದು, ಪುಂಡಿಪಲ್ಯದಲ್ಲಿ ಕಲಸಿ, ತಟ್ಟೆಗೆ ಚಮಚ ಹಾಕಿ ಮುಂದಿಟ್ಟಳು. ‘ತಿನ್ನಣ್ಣ’ ಎಂದಳು. ಅವಳ ದನಿ ಮೆತ್ತಗಿತ್ತು.

ಪರಮಾನಂದ ತನ್ನ ಮೂರು ಬೆರಳಿನಲ್ಲಿ ಕಟಕಟನೆ ರೊಟ್ಟಿ ಮುರಿದು ತೋರಿಸಿದ. ಯಾರೂ ನೋಡಲಿಲ್ಲ. ನನ್ನ ಬೆರಳು ಹೋದಾಗ ಇವಳು ಹೀಗೆ ಮುರಿದು ಹಾಕಿದ್ದಳೇ ಎಂದು ಅವನಿಗೆ ರೇಗಿತು. ಹಾಕಿದ್ದಳು, ತಿಂಗಳುಗಟ್ಟಲೆ ಹಾಕಿದ್ದಳು. ಗಂಡಸಿಗೆ ಅದು ನೆನಪಾಗಲಿಲ್ಲ.

ನಿಂಬೆಹಣ್ಣಿನ ಸುದ್ದಿ ಕೇಳಿದ ದಿನ ಸಂಜೆ ಇಬ್ಬರೂ ತಾರಸಿಗೆ ಹೋದರು. ಒಣಹಾಕಿದ ಬಟ್ಟೆಗಳ ನಡುವೆ ನೀರಿನ ಟ್ಯಾಂಕಿಗೆ ಒರಗಿ ಕೂತರು. ಕೆಳಗಿನ ರಸ್ತೆಯಲ್ಲಿ ಶಿಫ್ಟ್ ಮುಗಿಸಿದ ಜನ ಸಾಲುಗಟ್ಟಿ ಬರುತ್ತಿದ್ದರು. ಪರಮಾನಂದನ ಬಾಯಲ್ಲಿ ಮಾತು ಹುಳಿಯಾಗಿಯೇ ಬಂತು.

‘ನಿಂದೇನಪಾ, ಛಲೋ ಆತು. ಗುಂಡಿಗೆ ಕೈ ಒಡ್ಡಿದಿ, ಊರೆಲ್ಲಾ ಮಾಲಿ ಹಾಕ್ತದ. ನಾ ಮಷಿನ್ನಿಗೆ ಒಡ್ಡಿದೆ, ಬೈಸಿಕೊಂಡೆ.’

ಮರೆಪ್ಪ ಜೇಬಿನಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟ. ‘ಪರಮ್ಯಾ, ನಿನಗೊಂದು ಹೇಳ್ತೀನಿ. ಗುಂಡು ಗಿಂಡು ಏನಿಲ್ಲಪ. ಬಾಗಲಾಗ ಸಿಕ್ಕಿದ್ದು.’

‘ಯಾವ ಬಾಗಲ?’

‘ಬಂಕರಿಂದು. ಕಬ್ಬಿಣದ ಬಾಗಲ. ಶೆಲ್ ಬೀಳಾಕ ಹತ್ತಿದ್ವು, ಎಲ್ಲಾರೂ ಓಡಿ ಓಡಿ ಒಳಗ ಹೊಕ್ವಿ. ಬಾಗಲ ಧಡ್ ಅಂತ ಮುಚ್ಚಿತು. ನನ್ನ ಕೈ ಇನ್ನಾ ಚೌಕಟ್ಟಿನಾಗೇ ಇತ್ತು.’

‘ಮತ್ತ ಯಾರಿಗೂ ಹೇಳಿಲ್ಲೇನು?’

‘ಆಸ್ಪತ್ರ್ಯಾಗ ಇದ್ದದ್ದು ಇದ್ದಂಗ ಹೇಳೀನಿ. ಇಲ್ಲಿ ಮಂದಿ ಎಲ್ಲಿ ಕೇಳ್ತಾರ? ಕೇಳೂದಕ್ಕಿಂತ ಮದ್ಲೇ ಮಾಲಿ ಹಾಕಿಬಿಡ್ತಾರ. ಕೊಳ್ಳಾಗ ಮಾಲಿ ಬಿದ್ದ ಮ್ಯಾಲ ಬಾಯಿ ಬರಂಗಿಲ್ಲ ನೋಡು.’ ಅವನು ಪರಮಾನಂದನತ್ತ ತಿರುಗಿ ಕೂತ. ‘ಇನ್ನೊಂದು ಅದ, ಪರಮ್ಯಾ. ಆವತ್ತು...’

ಆಗಲೇ ಕೆಳಗಿನಿಂದ ಸಿದ್ದಕ್ಕ ನಲ್ಲಿಯಲ್ಲಿ ನೀರು ಬಂತೆಂದು ಕೂಗಿದಳು. ‘ಬಂದೆ’ ಎಂದು ಪರಮಾನಂದ ದಡಬಡ ಮೆಟ್ಟಿಲಿಳಿದ. ನೀರು ಹಿಡಿಯಲು ಅವನೇ ಬೇಕೆಂದೇನೂ ಇರಲಿಲ್ಲ, ಅವಳು ದಿನಾ ಒಬ್ಬಳೇ ಹಿಡಿಯುತ್ತಿದ್ದಳು. ಆದರೆ ಅವನಿಗೆ ಕೇಳಿದ್ದಷ್ಟೇ ಸಾಕಾಗಿತ್ತು. ಬಾಗಿಲು! ಇಷ್ಟು ದಿನ ತಾನು ಹೊಟ್ಟೆ ಉರಿದುಕೊಂಡದ್ದು ಒಂದು ಬಾಗಿಲ ಸಂದಿಗಾಗಿಯೇ? ಕೊಡ ತುಂಬಿ ನೀರು ಹರಿದು ಅಂಗಳವೆಲ್ಲ ಒದ್ದೆಯಾದರೂ ಅವನು ನಲ್ಲಿಯ ಮುಂದೆ ನಗುತ್ತ ನಿಂತಿದ್ದ. ಸಿದ್ದಕ್ಕ ಬೈದಾಗಲೂ ನಗು ನಿಲ್ಲಲಿಲ್ಲ. ಮತ್ತೆ ತಾರಸಿಗೆ ಹೋಗಬೇಕೆಂದು ಅವನಿಗೆ ಅನಿಸಲೇ ಇಲ್ಲ.

ಆಯುಧಪೂಜೆಯ ದಿನ ಫ್ಯಾಕ್ಟರಿ ಮದುವೆಮನೆಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಮಷಿನ್ನುಗಳು ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ದೊಡ್ಡ ಪ್ರೆಸ್ಸಿನ ಎರಡು ಬದಿಗೂ ಬಾಳೆಕಂದು ಕಟ್ಟಿದ್ದರು. ಅದರ ಮುಂದೆ ಮರೆಪ್ಪನಿಗೆ ಸಿಂಹಾಸನದಂಥ ಬಾಡಿಗೆ ಕುರ್ಚಿ. ಯೂನಿಫಾರ್ಮಿನ ಎದೆಯ ಮೇಲೆ ಪದಕಗಳು, ತಲೆಗೆ ಮೈಸೂರು ಪೇಟ, ಕೊರಳಲ್ಲಿ ಅದರ ತೂಕಕ್ಕೂ ಮೀರಿದ ಹಾರ, ಬಲಗೈ ಮಾತ್ರ ಶಾಲಿನ ಮರೆಯಲ್ಲಿ. ಹೆಂಗಸರು ಮಕ್ಕಳನ್ನು ಕರೆತಂದು ಅವನ ಪಕ್ಕ ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸಿದ್ದಕ್ಕನೂ ತೆಗೆದುಕೊಂಡಳು. ಪರಮಾನಂದ ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತ ಒಳಗೊಳಗೇ ಬೇಯುತ್ತಿದ್ದ.

ಮಂಗಳಾರತಿ ಆಯಿತು, ಬೂದುಗುಂಬಳ ಒಡೆದದ್ದಾಯಿತು. ಅಂಬರೀಶ ಮೈಕು ಹಿಡಿದ. ‘ನಮ್ಮ ವೀರಯೋಧರ ಬಾಲ್ಯದ ಗೆಳೆಯ, ನಮ್ಮ ಪ್ಯಾಕಿಂಗ್ ಸೆಕ್ಷನ್ ಪರಮಾನಂದ ಎರಡು ಮಾತಾಡ್ತಾರೆ. ಬಾ ಗುರು, ಶಾರ್ಟಾಗಿ ಮುಗಿಸು.’

ಹೋಗುವಾಗ ಪರಮಾನಂದನ ಮನಸ್ಸಿನಲ್ಲಿ ಹೊಗಳಿಕೆಯ ನಾಲ್ಕು ಮಾತು ಸಿದ್ಧವಾಗಿದ್ದವು. ಹೊಗಳಿ ಮುಗಿಸಿದರೆ ಮಾಲೀಕರಿಗೆ ಖುಷಿಯಾಗಿ ಏನಾದರೂ ದಯೆ ಹುಟ್ಟೀತು ಎಂಬ ಆಸೆಯೂ ಇತ್ತು. ಆದರೆ ಮೈಕು ಕೈಗೆ ಬಂದಾಗ ಎದುರಿಗೆ ಕಂಡದ್ದು ದೊಡ್ಡ ಪ್ರೆಸ್ಸು. ಅದರ ಬಾಯಲ್ಲಿ ಎಲೆಯ ಮೇಲಿಟ್ಟ ನಿಂಬೆಹಣ್ಣು. ಪಕ್ಕದಲ್ಲಿ ಹೊಸ ಶರ್ಟು ಹಾಕಿಕೊಂಡು ಆಗಲೇ ಮಷಿನ್ ತನ್ನದೆಂಬಂತೆ ಅದರ ಮೈ ಸವರುತ್ತಿದ್ದ ಅಂಬರೀಶನ ಭಾಮೈದ. ಪರಮಾನಂದನಿಗೆ ತಡೆಯಲಾಗಲಿಲ್ಲ.

‘ಮರೆಪ್ಪಗ ಗುಂಡು ಬಡದಿಲ್ಲ’ ಎಂದುಬಿಟ್ಟ. ‘ಅಂವ ಯಾವ ಗುಂಡಿಗೂ ಕೈ ಒಡ್ಡಿಲ್ಲ. ಬಂಕರಿನ ಬಾಗಲಾಗ ಕೈ ಸಿಕ್ಕದ. ನನ್ನ ಬೆರಳು ಈ ಪ್ರೆಸ್ಸಿನಾಗ ಸಿಕ್ಕಂಗ ಸಿಕ್ಕದ, ಅಷ್ಟೇ. ನನಗ ಯಾರೂ ಮಾಲಿ ಹಾಕಲಿಲ್ಲ.’

ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಸಿದ್ದರಾಮಪ್ಪನವರು ಹಳೆ ಹುಲಿ, ಥಟ್ಟನೆ ಎದ್ದರು. ‘ಕೇಳಿದ್ರಾ? ಕೇಳಿದ್ರಾ? ತನ್ನ ಕೈ ಬಾಗಿಲಿಗೆ ಕೊಟ್ಟು ಒಳಗಿದ್ದೋರ ಜೀವ ಉಳಿಸಿದ್ದಾರೆ ನಮ್ಮ ಮರೆಪ್ಪನೋರು!’ ಎಂದು ಚಪ್ಪಾಳೆ ಹೊಡೆದರು. ಶೆಡ್ಡಿನ ತಗಡು ಅದುರುವ ಹಾಗೆ ಎಲ್ಲರೂ ಹೊಡೆದರು. ಪರಮಾನಂದನ ಮುಖ ಇಷ್ಟಾಯಿತು. ತನ್ನ ವಿಷವೂ ಮರೆಪ್ಪನ ಪಾಲಿಗೆ ಹಾಲಾಯಿತಲ್ಲ! ಈ ಮನುಷ್ಯನನ್ನು ಏನು ಮಾಡಿದರೆ ಕೆಳಗಿಳಿಸಬಹುದು?

ಆಗ ಮರೆಪ್ಪ ಎದ್ದ. ಹಾರ ತೆಗೆದು ಕುರ್ಚಿಯ ಮೇಲಿಟ್ಟ. ಪರಮಾನಂದನ ಕೈಯಿಂದ ಮೈಕು ತೆಗೆದುಕೊಂಡ.

‘ಹಂಗಲ್ರಿ’ ಎಂದ. ‘ಪರಮಾನಂದ ಹೇಳಿದ್ದು ಖರೇ. ನಾ ಯಾರ ಜೀವಾನೂ ಉಳಿಸಿಲ್ಲ. ಅಂವ ಹೇಳಿದ್ದು ಅರ್ಧ, ಉಳಿದದ್ದು ನಾ ಹೇಳ್ತೀನಿ. ನನ್ನ ಹಿಂದ ಇನ್ನೊಬ್ಬಂವ ಓಡಿ ಬರ್ಲಿಕತ್ತಿದ್ದ. ನನ್ನ ಜೋಡಿ ಒಂದೇ ತಟ್ಟ್ಯಾಗ ಉಣ್ಣುವಂವ. ಇಷ್ಟೇ ದೂರ ಇದ್ದ.’ ಪ್ರೆಸ್ಸಿನ ಕಡೆ ತೋರಿಸಿದ. ‘ಶೆಲ್ಲಿನ ಸಪ್ಪಳ ತಲಿ ಮ್ಯಾಲೇ ಬಂತು. ಮುಚ್ಚ್ರಿ ಬಾಗಲ ಅಂತ ಒದರಿದಂವ ನಾನೇ. ಅಂವ ಕಾಣ್ತಿದ್ದ ನನಗ. ಕಾಣ್ತಿದ್ದಾಗೇ ಒದರಿದೆ. ಬಾಗಲ ಬಿತ್ತು, ನನ್ನ ಕೈ ಸಿಕ್ಕಿತು, ಅಂವ ಹೊರಗೇ ಉಳದ.’

ಯಾರೋ ಒಬ್ಬ ಜೈಕಾರಕ್ಕೆ ಬಾಯಿ ತೆರೆದು ಅಲ್ಲೇ ಮುಚ್ಚಿಕೊಂಡ. ಸಿದ್ದರಾಮಪ್ಪನವರ ಕೈಗಳು ಚಪ್ಪಾಳೆಗೆ ಎದ್ದವು ಎದ್ದ ಹಾಗೇ ನಿಂತವು. ಹೊರಗೆ ರಸ್ತೆಯಲ್ಲಿ ಹಾರ ಹಾಕಿಕೊಂಡ ಲಾರಿಯೊಂದು ಹಾರ್ನ್ ಬಾರಿಸುತ್ತ ಹೋಯಿತು.

‘ನಿಂಬೆಹಣ್ಣು ಒತ್ತಾಕ ಎರಡು ಕೈ ಬೇಕಂತ’ ಎಂದ ಮರೆಪ್ಪ.

‘ಪರವಾಗಿಲ್ಲ ಸಾರ್, ಒಂದು ಬಟನ್‌ಗೆ ಚಕ್ಕೆ ಹಾಕ್ಬಿಡ್ತೀನಿ’ ಎಂದು ಅಂಬರೀಶ ಓಡಿಬಂದ.

‘ಬ್ಯಾಡ್ರಿ. ಚಕ್ಕಿ ಹಾಕಿ ಹಾಕೇ ಒಬ್ಬನ ಬೆರಳು ಹೋಗ್ಯಾವ’ ಎಂದು ಮರೆಪ್ಪ ಮೈಕಿನಲ್ಲೇ ಹೇಳಿದ. ಅಂಬರೀಶ ನಿಂತಲ್ಲೇ ನಿಂತ. ‘ಪರಮಾನಂದ ಒತ್ತಲಿ. ಅಂವಗ ಬರ್ತದ.’

ಚೀಫ್ ಗೆಸ್ಟ್ ಹೇಳಿದ ಮೇಲೆ ಇಲ್ಲವೆನ್ನುವ ಧೈರ್ಯ ಸಿದ್ದರಾಮಪ್ಪನವರಿಗೆ ಇರಲಿಲ್ಲ. ಸರಿ ಎಂಬಂತೆ ಕತ್ತು ಆಡಿಸಿದರು. ಪರಮಾನಂದ ಪ್ರೆಸ್ಸಿನ ಮುಂದೆ ಬಂದು ನಿಂತು ಎರಡು ಅಂಗೈಗಳನ್ನೂ ಎರಡು ಗುಂಡಿಗಳ ಮೇಲಿಟ್ಟು ಒತ್ತಿದ. ಭಾರ ಇಳಿದು ನಿಂಬೆಹಣ್ಣು ಚಪ್ಪಟೆಯಾಯಿತು. ಜನ ಒಬ್ಬರನ್ನೊಬ್ಬರು ನೋಡಿಕೊಂಡು, ಇದಕ್ಕಾದರೂ ಹೊಡೆಯಬಹುದು ಎಂಬಂತೆ ಚಪ್ಪಾಳೆ ಹೊಡೆದರು. ಪ್ರೆಸ್ ಒಂದು ವರ್ಷಕ್ಕೆ ಅವನದಾಯಿತು. ಇಷ್ಟು ದಿನ ಹಂಬಲಿಸಿದ್ದು ಕೈಗೆ ಬಂದಿತ್ತು. ಆದರೆ ಅದನ್ನು ಕೊಟ್ಟವನು ಮರೆಪ್ಪ. ಈಗ ಅದಕ್ಕೂ ಹೊಟ್ಟೆ ಉರಿಯಿತು. ಮಾನ ಕಳೆಯಲು ಹೋದವನಿಗೆ ಮಷಿನ್ ಕೊಡಿಸುವಷ್ಟು ದೊಡ್ಡವನಾಗುವ ಹಕ್ಕನ್ನು ಇವನಿಗೆ ಯಾರು ಕೊಟ್ಟರು ಎಂದು ಒಳಗೆ ಕುದಿದ. ಕುದಿಯುತ್ತಲೇ ನಾಚಿಕೆಯಿಂದ ಕುಗ್ಗಿದ. ಎರಡರಲ್ಲಿ ಯಾವುದು ಜಾಸ್ತಿ ಎಂದು ಅವನಿಗೇ ಗೊತ್ತಾಗಲಿಲ್ಲ.

ಎಲ್ಲರೂ ಕೇಸರಿಬಾತು, ಪುಳಿಯೋಗರೆಗೆ ಸಾಲು ನಿಂತರು. ಮರೆಪ್ಪನ ಪಕ್ಕ ಈಗ ಸೆಲ್ಫಿಯವರು ಯಾರೂ ಇರಲಿಲ್ಲ. ಅವನು ಪ್ಯಾಕಿಂಗ್ ವಿಭಾಗದಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ತಟ್ಟೆಯಿಟ್ಟುಕೊಂಡು ಒಬ್ಬನೇ ಕೂತಿದ್ದ. ಪರಮಾನಂದ ಹೋಗಿ ಎದುರಿಗೆ ನಿಂತ.

‘ಮರೆಪ್ಪ, ನಾ ಅದನ್ನ ನ್ಯಾಯಕ್ಕಂತ ಹೇಳಲಿಲ್ಲ. ಮಂದಿ ಮುಂದ ನಿನ್ನ ಸಣ್ಣಂವನ್ನ ಮಾಡಬೇಕಂತ ಹೇಳಿದೆ. ಹೊಟ್ಟಿಕಿಚ್ಚಿಗೆ ಹೇಳಿದೆ.’

ಮರೆಪ್ಪ ಎಡಗೈಯಲ್ಲಿ ಚಮಚ ಹಿಡಿದು ತಟ್ಟೆಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ದೂರದ ಊರಿನಿಂದ ನಡೆದು ಬಂದು ಈಗ ತಾನೇ ಕೂತವನ ಹಾಗೆ ಕಾಣುತ್ತಿದ್ದ.

‘ಗೊತ್ತದ’ ಎಂದ. ‘ಭರ್ತಿಯಾದಾಗಿಂದ ಗೊತ್ತದ. ಅದಕ್ಕೇ ನಿನಗ ಹೇಳಿದೆ.’

‘ಅಂದ್ರ?’

‘ಬ್ಯಾರೆ ಯಾರಿಗೆ ಹೇಳಿದ್ರೂ ನನ್ನ ಮರ್ಯಾದಿ ಕಾಯ್ತಿದ್ರು, ಪರಮ್ಯಾ. ಹೆಂಡತಿ ಕಾಯ್ತಿದ್ಲು, ಅವ್ವ ಕಾಯ್ತಿದ್ಲು, ಊರಿಗೂರೇ ಕಾಯ್ತಿತ್ತು. ನಾನಾಗೇ ಹೇಳಾಕ ನನಗ ಧೈರ್ಯ ಇರಲಿಲ್ಲ. ಬಾಗಲ ತೆಗಿಯಾಕ ಒಬ್ಬಂವ ಬೇಕಾಗಿತ್ತು. ನೀ ತಡಕೊಳ್ಳಂಗಿಲ್ಲ ಅಂತ ನನಗ ಗ್ಯಾರಂಟಿ ಇತ್ತು.’

ಪರಮಾನಂದ ಅವನ ಪಕ್ಕದ ಪೆಟ್ಟಿಗೆಯ ಮೇಲೆ ಕೂತ.

‘ಹೊರಗ ಉಳಿದಂವನ ಹೆಸರೇನು?’ ಎಂದು ಕೇಳಿದ.

ಮರೆಪ್ಪ ಹೆಸರು ಹೇಳಿದ, ಊರು ಹೇಳಿದ. ಆಮೇಲೆ ಆ ದಿನದ್ದನ್ನು ಮೊದಲಿನಿಂದ ಹೇಳತೊಡಗಿದ. ಪರಮಾನಂದ ಈ ಸಲ ಏಳಲಿಲ್ಲ.